ಪದ ಪರಿಚಯ: ಹಿಂತೆಗೆತ

ಪತ್ರಿಕೆ ಓದುವವರಿಗೆ ‘ಹಿಂತೆಗೆತ’ ಎಂದೊಡನೆ ಚುನಾವಣೆಯ ನಾಮಪತ್ರ ನೆನಪಾಗುತ್ತದೆ. ವೈದ್ಯರ ಹಿಂತೆಗೆತ ಬೇರೆ: ದೇಹಕ್ಕೆ ಒಗ್ಗಿಹೋದ ಮದ್ಯ ಹಠಾತ್ತನೆ ನಿಂತಾಗ ಶುರುವಾಗುವ ತೊಂದರೆ. ಪದ ಅಷ್ಟೇನೂ ಚೆನ್ನಾಗಿಲ್ಲ. ಮನೆಮಂದಿ ಹೇಳುವ ‘ಕೈನಡುಕ’ವೇ ಎಷ್ಟೋ ವಾಸಿ, ಆದರೆ ಅದು ಆರಂಭ ಮಾತ್ರ.

ಕಾಸರಗೋಡಿನ ಕಡೆ ಇದನ್ನು ಕಾಣಲು ಶಬರಿಮಲೆಯ ವ್ರತಕಾಲ ಸಾಕು. ಇಬ್ಬರು ಒಂದೇ ದಿನ ಮಾಲೆ ಹಾಕಿದರೆನ್ನಿ. ಒಬ್ಬನದು ಶನಿವಾರದ ಕುಡಿತ. ಕುಡಿದರೆ ಊರಿಗೆಲ್ಲ ಕೇಳುವಷ್ಟು ಗಲಾಟೆ. ಇನ್ನೊಬ್ಬ ತೂರಾಡಿದ್ದನ್ನು ಯಾರೂ ಕಂಡಿಲ್ಲ. ಆದರೆ ವರ್ಷಗಳಿಂದ ಒಂದು ದಿನವೂ ತಪ್ಪಿಸಿದವನಲ್ಲ, ಬೆಳಗ್ಗೆ ಒಂದು ಗುಟುಕು ಬೀಳದೆ ಅಡಿಕೆ ಸುಲಿಯಲು ಕೂರಲಾರ. ಗಲಾಟೆಯವನು 41 ದಿನ ಸಲೀಸಾಗಿ ಕಳೆದು, ಮನಸ್ಸು ಗಟ್ಟಿಯಿದ್ದರೆ ಯಾರೂ ಬಿಡಬಹುದು ಎಂದು ಉಪದೇಶಿಸುತ್ತಾನೆ. ಅಪಾಯ ಸದ್ದಿಲ್ಲದವನಿಗೆ. ಮನಸ್ಸಿನ ಗಟ್ಟಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ದಿನವೂ ಹೀಗಾದರೆ ಮಿದುಳು ಎದುರು ದಿಕ್ಕಿಗೆ ಜಗ್ಗಲು ಕಲಿಯುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಫಕ್ಕನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಏನಾಗುತ್ತಾರೋ, ಕುಡಿತ ನಿಂತ ಮಿದುಳಿನ ಗತಿಯೂ ಅದೇ. ಕೊನೆಯ ಗುಟುಕಿನ ಸುಮಾರು 6 ಗಂಟೆಗಳ ನಂತರ ನಡುಕ, ಬೆವರು, ವಾಂತಿ, ನಿದ್ರೆಗೇಡು ಕಾಣಿಸಿಕೊಳ್ಳಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಗೋಡೆಯ ಮೇಲೆ ಹುಳ ಹರಿದಾಡುತ್ತದೆ, ಇಲ್ಲದವರೊಡನೆ ಮಾತುಕತೆ ನಡೆಯುತ್ತದೆ. ಆಗ ಮನೆಯವರು ವ್ರತಭಂಗವೋ ದೈವದ ಉಪದ್ರವೋ ಎಂದು ಜೋಯಿಸರ ಬಳಿಗೆ ಓಡುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ ಜೀವ ಹೋಗಬಲ್ಲ ಸ್ಥಿತಿ ಇದು.

ಹಾಗಾಗಿ ವೈದ್ಯರು ಎಷ್ಟು ಕುಡಿಯುತ್ತೀರಿ ಎಂಬಲ್ಲಿಗೇ ನಿಲ್ಲಿಸುವುದಿಲ್ಲ. ದಿನವೂ ಉಂಟೇ, ಬೆಳಗ್ಗೆಯೇ ಬೇಕೇ, ಹಿಂದೆ ಬಿಟ್ಟಾಗ ಏನಾಗಿತ್ತು ಎಂದೂ ವಿಚಾರಿಸುತ್ತಾರೆ. ಕೊನೆಯ ಪ್ರಶ್ನೆ ಮುಖ್ಯ. ಬಿಟ್ಟು ಹಿಡಿದು, ಮತ್ತೆ ಬಿಟ್ಟು ಹಿಡಿದವರಲ್ಲಿ ಹಿಂತೆಗೆತ ಪ್ರತಿ ಸಲವೂ ಹೆಚ್ಚು ಉಗ್ರವಾಗಬಹುದು.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ಮದ್ಯದಂಗಡಿಗಳು ಮುಚ್ಚಿದಾಗ, ಹಿಂತೆಗೆತದಿಂದ ಬಳಲುವವರಿಗೆ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಕೇರಳ ಸರ್ಕಾರ ಆದೇಶಿಸಿತು. ವೈದ್ಯರು ವಿರೋಧಿಸಿದರು, ಹೈಕೋರ್ಟ್ ತಡೆಯಾಜ್ಞೆ ನೀಡಿತು. ಇದಕ್ಕೆ ಮದ್ದು ಮದ್ಯವಲ್ಲ. ನರಗಳ ಉದ್ರೇಕ ತಗ್ಗಿಸುವ ಮಾತ್ರೆಗಳನ್ನು ಕೊಟ್ಟು ಪ್ರಮಾಣವನ್ನು ದಿನದಿನಕ್ಕೆ ಇಳಿಸುತ್ತಾರೆ, ಜೊತೆಗೆ ಬಿ1 ಜೀವಸತ್ವ ಕೊಡುತ್ತಾರೆ. ಹಿಂದೊಮ್ಮೆ ಫಿಟ್ಸ್ ಅಥವಾ ಸನ್ನಿ ಬಂದವರು ಆಸ್ಪತ್ರೆಗೆ ಸೇರಿಯೇ ಬಿಡಬೇಕು. ಮಾಲೆ ಹತ್ತು ದಿನ ತಡವಾದರೆ ಯಾವ ಗುರುಸ್ವಾಮಿಯೂ ಕೋಪಿಸಿಕೊಳ್ಳಲಾರರು.