ಕ್ಯಾಮೆರಾ ಕೊಳ್ಳುವ ಮೊದಲು ಟೇಪ್ ಹಿಡಿಯಿರಿ

ವಿಡಿಯೊ ಶುರು ಮಾಡಬೇಕು, ಯಾವ ಕ್ಯಾಮೆರಾ ತಗೊಳ್ಳಲಿ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಒಂದೇ ಮಾತು. ಎಲ್ಲಿ ಶೂಟ್ ಮಾಡ್ತೀರಿ, ಆ ಜಾಗ ಎಷ್ಟಡಿ ಇದೆ? ಹೆಚ್ಚಿನವರು ಮುಖ ಮುಖ ನೋಡುತ್ತಾರೆ. ಅವರು ಬಂದಿದ್ದು ಸೋನಿಯೋ ಕ್ಯಾನನ್ನೋ, 4ಕೆ 60 (ಸೆಕೆಂಡಿಗೆ 60 ಫ್ರೇಮ್‌ನ 4ಕೆ ವಿಡಿಯೊ) ಬರುತ್ತದೋ ಇಲ್ಲವೋ ಎಂದು ಕೇಳಲು. ನಿಜ ಹೇಳಬೇಕೆಂದರೆ ಈಗ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ ಮಾತ್ರ) ವಿಚಾರಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೆಚ್ಚುಕಮ್ಮಿ ಒಂದೇ ಬೆಲೆಯ ಎರಡು ಹೊಸ ಬಾಡಿಗಳನ್ನು ಪಕ್ಕಪಕ್ಕ ಇಟ್ಟರೆ ಚಿತ್ರದಲ್ಲಿ ವ್ಯತ್ಯಾಸ ಹುಡುಕುವುದೇ ಕಷ್ಟ. ತಪ್ಪುವುದು ಲೆನ್ಸ್‌ನಲ್ಲಿ.

ಮೊದಲ ಸಲ ಕೊಳ್ಳುವ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಬಹುಪಾಲು ಎಪಿಎಸ್-ಸಿ ಎಂಬ ಅಳತೆಯ ಸೆನ್ಸರ್‌ನವು. ಆ ಸೆನ್ಸರ್‌ನ ಅಗಲ ಸುಮಾರು 23.5 ಎಂಎಂ. ಕ್ಯಾನನ್‌ನಲ್ಲಿ ಚೂರು ಕಮ್ಮಿ, 22.3. ಇದರಿಂದ ಬಾಯಲ್ಲೇ ಮಾಡಬಹುದಾದ ಒಂದು ಲೆಕ್ಕ ಸಿಗುತ್ತದೆ. ಲೆನ್ಸ್‌ನ ಎಂಎಂ ಎಂದರೆ ಅದರ ಫೋಕಲ್ ಲೆಂತ್, ಅದು ಚಿಕ್ಕದಾದಷ್ಟೂ ಹೆಚ್ಚು ಅಗಲ ಕಾಣುತ್ತದೆ. 24 ಎಂಎಂ ಲೆನ್ಸ್ ಹಾಕಿದರೆ ನೀವು ಎಷ್ಟು ದೂರ ನಿಂತಿರುತ್ತೀರೋ ಹೆಚ್ಚುಕಮ್ಮಿ ಅಷ್ಟೇ ಅಗಲ ಫ್ರೇಮಿಗೆ ಬರುತ್ತದೆ. ಎಂಟಡಿ ದೂರ ನಿಂತರೆ ಎಂಟಡಿ ಅಗಲ. 12 ಎಂಎಂಗೆ ಅದರ ಎರಡರಷ್ಟು, 48ಕ್ಕೆ ಅರ್ಧ. ಎತ್ತರ ಬೇಕಾದರೆ ಅಗಲದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಎಂದು ಹಿಡಿಯಿರಿ. ಇಷ್ಟು ಗೊತ್ತಿದ್ದರೆ ಅಂಗಡಿಯವರು ಏನು ಹೇಳಿದರೂ ನೀವೇ ತಾಳೆ ನೋಡಬಹುದು.

ಅಡುಗೆ ಚಾನೆಲ್ ಮಾಡುವವರನ್ನೇ ತೆಗೆದುಕೊಳ್ಳಿ. ನಮ್ಮ ಮನೆಗಳಲ್ಲಿ ಅಡುಗೆ ಕಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ. ಅಡುಗೆ ಮಾಡುವವರ ಮುಖ ಗೋಡೆಯ ಕಡೆಗೆ. ಹಾಗಾಗಿ ಪಕ್ಕದಿಂದಲೇ ತೆಗೆಯಬೇಕು. ಟ್ರೈಪಾಡನ್ನು ಮೂಲೆಗೆ ಒತ್ತಿ ಇಟ್ಟರೂ ಆರಡಿ ಸಿಕ್ಕರೆ ಪುಣ್ಯ. ಎಲ್ಲರೂ ಮೊದಲು ಕೊಳ್ಳಿ ಎನ್ನುವ 50 ಎಂಎಂ ಎಫ್ 1.8 ಲೆನ್ಸನ್ನು (ಎಫ್ ಅಂಕಿ ಚಿಕ್ಕದಾದಷ್ಟೂ ಹೆಚ್ಚು ಬೆಳಕು) ಅಲ್ಲಿ ಹಾಕಿದರೆ ಕಾಣುವ ಅಗಲ ಮೂರಡಿಯೂ ಇಲ್ಲ, ಎತ್ತರ ಒಂದೂವರೆ ಅಡಿ ಚಿಲ್ಲರೆ. ಅಮ್ಮನ ಮುಖ, ಭುಜ ಬರುತ್ತದೆ. ಒಲೆಯ ಮೇಲೆ ಸಿಡಿಯುತ್ತಿರುವ ಒಗ್ಗರಣೆ ಬರುವುದಿಲ್ಲ. ಅದೇ ಆರಡಿಗೆ 30 ಎಂಎಂ ಹಾಕಿ, ಸೊಂಟದಿಂದ ಮೇಲೆ ಬರುತ್ತದೆ. 16 ಹಾಕಿದರೆ ಒಂಬತ್ತಡಿ ಹತ್ತಿರ, ಕಟ್ಟೆ, ಒಲೆ, ಆಳು ಎಲ್ಲ ಒಳಗೆ. 50 ಎಂಎಂ ಸಲಹೆ ಬಂದಿದ್ದು ಫುಲ್‌ಫ್ರೇಮ್‌ನಲ್ಲಿ (ಇದಕ್ಕಿಂತ ದೊಡ್ಡ ಸೆನ್ಸರ್) ಫೋಟೊ ತೆಗೆಯುವವರಿಂದ. ಅಲ್ಲಿ ಅದು ಸಾಧಾರಣ ನೋಟ ಕೊಡುವ ಲೆನ್ಸ್. ಎಪಿಎಸ್-ಸಿಯಲ್ಲಿ ಅದೇ ಲೆನ್ಸ್ 75ರ ನೋಟ ಕೊಡುತ್ತದೆ, ಕ್ಯಾನನ್‌ನಲ್ಲಿ 80ರದು. ಮನೆಯೊಳಗೆ ಇಕ್ಕಟ್ಟು.

ಕೈಯಲ್ಲಿ ಹಿಡಿದು ನಡೆಯುತ್ತಾ ಮಾತಾಡುವವರಿಗೆ ಇನ್ನೊಂದು ತಾಪತ್ರಯ. ಕೈ ಚಾಚಿದರೆ ಕ್ಯಾಮೆರಾ ಎರಡಡಿ ದೂರ. 16 ಎಂಎಂಗೆ ಮೂರಡಿ ಅಗಲ ಸಿಕ್ಕಿತು ಅಂತಿಟ್ಟುಕೊಳ್ಳಿ. ಅಲುಗಾಟ ತಪ್ಪಿಸಲು ಸೋನಿ ಝಡ್‌ವಿ-ಇ10ರಲ್ಲಿ ಆಕ್ಟಿವ್ ಮೋಡ್ ಹಾಕಿದ ಕೂಡಲೇ ಅಂಚು ಕತ್ತರಿಸಿ ಎರಡಡಿಗೆ ಬರುತ್ತದೆ. ಮುಖ ಬಿಟ್ಟರೆ ಹಿಂದಿನ ಊರು ಕಾಣುವುದೇ ಇಲ್ಲ. ವ್ಲಾಗ್ ಮಾಡುವವರು 10, 11 ಎಂಎಂ ಲೆನ್ಸ್ ಹುಡುಕುವುದು ಇದಕ್ಕೇ.

ಯಕ್ಷಗಾನ ಚಿತ್ರೀಕರಿಸಬೇಕು ಎಂದು ಕರಾವಳಿ ಕಡೆಯಿಂದ ಕೇಳುವವರು ತುಂಬಾ ಜನ. ಅಲ್ಲಿ ಲೆಕ್ಕ ತಿರುಗಾಮುರುಗಾ. 40 ಅಡಿ ಹಿಂದೆ ಕೂತರೆ 50 ಎಂಎಂಗೆ 19 ಅಡಿ ಸಿಗುತ್ತದೆ, ರಂಗಸ್ಥಳ ಹೆಚ್ಚುಕಮ್ಮಿ ಪೂರ್ತಿ ಬಂದಂತೆ. ವೇಷಧಾರಿಯ ಮುಖ, ಕಿರೀಟ ಮಾತ್ರ ಬೇಕೆಂದರೆ 200 ದಾಟಬೇಕು. ಕಡಿಮೆ ಬೆಲೆಯ ಸೋನಿ 55-210 ಲೆನ್ಸ್ ಇದೆಯಲ್ಲ ಎನ್ನಬಹುದು. ಆದರೆ ಅದು ಆ ತುದಿಯಲ್ಲಿ ಎಫ್ 6.3. ರಾತ್ರಿ ಬೆಳಕಿಗೆ ಅದು ಸಾಲದು, ಐಎಸ್‌ಒ (ಸೆನ್ಸರ್ ಬೆಳಕನ್ನು ಎಷ್ಟು ಹೆಚ್ಚಿಸಿ ತೋರಿಸಬೇಕು ಎಂಬ ಅಂಕಿ) ಏರಿಸಿ ಏರಿಸಿ ಬಣ್ಣದ ವೇಷದ ಕೆಂಪು, ಕಪ್ಪು ಎಲ್ಲ ಪುಡಿಪುಡಿ. ನಾನಾದರೆ ಮೇಳದವರ ಒಪ್ಪಿಗೆ ಪಡೆದು 20 ಅಡಿಗೆ ಬಂದು ಕೂರುತ್ತೇನೆ. ಟ್ಯಾಮ್ರಾನ್ 17-70 ಎಫ್ 2.8 ತರಹದ ಜೂಮ್ ಹಾಕಿದರೆ ಅಲ್ಲಿಂದ ಪೂರ್ತಿ ರಂಗಸ್ಥಳವೂ ಬರುತ್ತದೆ, ಒಬ್ಬರ ಅರ್ಧ ಮೈಯೂ ಬರುತ್ತದೆ. 6.3ಕ್ಕೆ ಹೋಲಿಸಿದರೆ ಐದು ಪಟ್ಟು ಬೆಳಕು. ಮತ್ತೆ, ರಾತ್ರಿಯಿಡೀ ನಡೆಯುವ ಆಟಕ್ಕೆ ಒಂದು ಕ್ಲಿಪ್ ಎಷ್ಟು ಹೊತ್ತು ಓಡುತ್ತದೆ ಎಂದು ನೋಡಿಕೊಳ್ಳಿ. ಕ್ಯಾನನ್ ಆರ್50ರಲ್ಲಿ ಒಂದು ಗಂಟೆಗೆ ನಿಲ್ಲುತ್ತದೆ, ಮತ್ತೆ ಒತ್ತಬೇಕು. ಹಳೆಯ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೇ ನಿಲ್ಲುತ್ತಿದ್ದವು. ಅರ್ಧ ಗಂಟೆ ಮುಟ್ಟಿದರೆ ಯುರೋಪಿನ ಸುಂಕದವರು ಅದನ್ನು ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಿಡಿದು ಜಾಸ್ತಿ ತೆರಿಗೆ ಹಾಕುತ್ತಿದ್ದರು, ಅದಕ್ಕೆ ಕಂಪನಿಗಳು ಒಂದು ಸೆಕೆಂಡ್ ಮುಂಚೆ ನಿಲ್ಲಿಸಿಬಿಡುತ್ತಿದ್ದವು! ಅಲ್ಲಿಯ ಸುಂಕಕ್ಕೆ ಇಲ್ಲಿಯ ಪ್ರಸಂಗ ತುಂಡಾಗುತ್ತಿತ್ತು.

ಬೆಳಕಿನ ಮಾತು ಬಂದಿದ್ದರಿಂದ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದನ್ನು ಬೈಯುವುದು ಒಂದು ಫ್ಯಾಷನ್. ಹಗಲು ಹೊರಗೆ, ಕಿಟಕಿ ಪಕ್ಕ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೊದಲ ಕೆಲವು ತಿಂಗಳು ಅದರಲ್ಲೇ ತೆಗೆದು, ನೀವು ಹೆಚ್ಚಾಗಿ ಯಾವ ಎಂಎಂನಲ್ಲಿ ನಿಲ್ಲುತ್ತೀರಿ ಎಂದು ಗಮನಿಸಿ. ಆಮೇಲೆ ಆ ಎಂಎಂನ ಒಂದು ಒಳ್ಳೆಯ ಲೆನ್ಸ್ ತಗೊಳ್ಳಿ. ಸಿಗ್ಮಾದ 16 ಎಫ್ 1.4, ಕಿಟ್ ಲೆನ್ಸ್‌ನ ಎಫ್ 3.5ಕ್ಕಿಂತ ಆರು ಪಟ್ಟು ಬೆಳಕು ಕೊಡುತ್ತದೆ. ಒಂದೇ ಲೆನ್ಸಲ್ಲಿ ಎಲ್ಲ ಮುಗಿಯಬೇಕು ಎಂದರೆ ಅದೇ ಸಿಗ್ಮಾದ 18-50 ಎಫ್ 2.8. ಜೇಬಲ್ಲಿ ಹಾಕಿಕೊಳ್ಳುವಷ್ಟು ಚಿಕ್ಕದು. ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ಬಾಡಿಗೇ ಹೋಗುತ್ತಿದ್ದರೆ ಒಂದು ಮೆಟ್ಟಿಲು ಕೆಳಗಿನ ಬಾಡಿ ನೋಡಿ. ನಾಲ್ಕೈದು ವರ್ಷಕ್ಕೆ ಬಾಡಿ ಹಳತಾಗುತ್ತದೆ, ಲೆನ್ಸ್ ಮುಂದಿನ ಬಾಡಿಗೂ ಬರುತ್ತದೆ. 10 ಬಿಟ್, ಲಾಗ್ ಎಂಬ ರೆಕಾರ್ಡಿಂಗ್ ಬಗೆಗಳೆಲ್ಲ ಆಮೇಲೆ ಎಡಿಟ್‌ನಲ್ಲಿ ಬಣ್ಣ ತಿದ್ದಲು ಕೂರುವವರಿಗೆ. ಮೊದಲ ವರ್ಷ ಇಲ್ಲದಿದ್ದರೆ ಏನೂ ಹೋಗಲ್ಲ.

ಫೋಟೊದಿಂದ ವಿಡಿಯೊಗೆ ಬಂದವರು ಎಡವುವುದು ಶಟರ್‌ನಲ್ಲಿ, ಅಂದರೆ ಪ್ರತಿ ಫ್ರೇಮಿಗೆ ಸೆಕೆಂಡಿನ ಎಷ್ಟನೇ ಪಾಲು ಹೊತ್ತು ಬೆಳಕು ಬೀಳುತ್ತದೆ ಎಂಬಲ್ಲಿ. ನಮ್ಮ ಕರೆಂಟು 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಬೀಳುತ್ತದೆ, ಎಲ್ಲ ಸಮ. 1/60 ಇಟ್ಟರೆ ಒಂದೂ ಮುಕ್ಕಾಲು ಹತ್ತಿರ. ಗೋಡೆ ಮೇಲೆ ಕಪ್ಪು ಪಟ್ಟಿ ಮೆಲ್ಲಗೆ ಹತ್ತಿ ಇಳಿಯುತ್ತದೆ. ಹೊರದೇಶದಿಂದ ಯಾರೋ ತಂದುಕೊಟ್ಟ ಕ್ಯಾಮೆರಾ ಎನ್‌ಟಿಎಸ್‌ಸಿಯಲ್ಲಿ (60 ಹರ್ಟ್ಸ್ ದೇಶಗಳ ವಿಡಿಯೊ ಪದ್ಧತಿ) ಇರುವುದುಂಟು. ಮೆನುವಿನಲ್ಲಿ ಪಾಲ್ (50 ಹರ್ಟ್ಸ್ ದೇಶಗಳದ್ದು) ಮಾಡಿ, 25 ಫ್ರೇಮ್, ಶಟರ್ 1/50. ಅಮೆರಿಕದಲ್ಲಿರುವ ನಮ್ಮವರು ಇದರ ಉಲ್ಟಾ ಮಾಡಬೇಕು, ಅಲ್ಲಿ ಕರೆಂಟು 60 ಹರ್ಟ್ಸ್.

ಶಟರ್ 1/50ಕ್ಕೆ ಕಟ್ಟಿಹಾಕಿದ ಮೇಲೆ ಮಟಮಟ ಮಧ್ಯಾಹ್ನ ಹೊರಗೆ ಬನ್ನಿ. ಐಎಸ್‌ಒ 100ರಲ್ಲಿ ಕ್ಯಾಮೆರಾ ಎಫ್ 22 ಕೇಳುತ್ತದೆ. ನಿಮಗೆ 2.8 ಬೇಕು. ನಡುವೆ ಆರು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ), ಅಂದರೆ ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸಬೇಕು. ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜು ಇರುವುದು ಇದಕ್ಕೆ. ಇರುವ ಲೆನ್ಸ್‌ಗಳಲ್ಲಿ ದೊಡ್ಡ ಬಾಯಿಯದ್ದಕ್ಕೆ ಒಂದು ಫಿಲ್ಟರ್ ಕೊಂಡು, ಉಳಿದವಕ್ಕೆ ಅದನ್ನೇ ಕೂರಿಸುವ ಸ್ಟೆಪ್-ಅಪ್ ರಿಂಗ್ ಹಾಕಿ. ತಿರುಗಿಸುವ ಎನ್‌ಡಿ ಅನುಕೂಲ, ಆದರೆ ವೈಡ್ ಲೆನ್ಸ್‌ನಲ್ಲಿ ಕೊನೆಯ ತನಕ ತಿರುಗಿಸಿದರೆ ಆಕಾಶದಲ್ಲಿ ಎಕ್ಸ್ ಆಕಾರದ ಕಪ್ಪು ನೆರಳು ಬೀಳುತ್ತದೆ.

ಧ್ವನಿಗೆ ಮೈಕ್ ಕಿಂಡಿ ಬಹುತೇಕ ಎಲ್ಲದರಲ್ಲೂ ಇದೆ. ಹೆಡ್‌ಫೋನ್ ಕಿಂಡಿ ನೋಡಿಕೊಳ್ಳಿ. ಝಡ್‌ವಿ-ಇ10ರಲ್ಲಿದೆ, ಆರ್50ರಲ್ಲಿ, ನಿಕಾನ್ ಝಡ್30ರಲ್ಲಿ ಇಲ್ಲ. ಸಂದರ್ಶನ ಮಾಡುವವರಿಗೆ ಇದು 4ಕೆ 60ಕ್ಕಿಂತ ದೊಡ್ಡ ವಿಷಯ. ಮೈಕ್ ಬ್ಯಾಟರಿ ಸತ್ತಿದ್ದು ಮನೆಗೆ ಬಂದು ಎಡಿಟ್‌ಗೆ ಕೂತಾಗ ಗೊತ್ತಾದರೆ ಏನು ಮಾಡ್ತೀರಿ?

ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಧಾರಾಳವಾಗಿ. ಕ್ಯಾನನ್ ಎಂ50 ಅಗ್ಗಕ್ಕೆ ಸಿಗುತ್ತದೆ. ಆದರೆ ಆ ಇಎಫ್-ಎಂ ಮೌಂಟನ್ನು (ಲೆನ್ಸ್ ಕೂರುವ ಬಾಯಿ) ಕಂಪನಿಯೇ ಕೈಬಿಟ್ಟಿದೆ, ಅದರ ಲೆನ್ಸ್ ಈಗಿನ ಆರ್ ಕ್ಯಾಮೆರಾಗಳಿಗೆ ಕೂರುವುದಿಲ್ಲ. ಹಳೆಯ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಕೂರುತ್ತವೆ. ಲೆನ್ಸ್ ಕೊಳ್ಳುವಾಗ ಎರಡೂ ಕಡೆ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಚುಕ್ಕೆ ಏನೂ ಮಾಡಲ್ಲ. ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಹರಡಿದ್ದರೆ ಅದು ಫಂಗಸ್, ಸುಮ್ನೆ ವಾಪಸ್ ಕೊಟ್ಟುಬಿಡಿ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಕಳೆದ ಲೆನ್ಸ್ ಆದರೆ ಎರಡೆರಡು ಸಲ ನೋಡಬೇಕು. ನಿಮ್ಮದನ್ನೂ ಬ್ಯಾಗಿನಲ್ಲಿ ಬಿಡಬೇಡಿ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ನೂರಿನ್ನೂರು ರೂಪಾಯಿಯ ತೇವಾಂಶ ಮೀಟರು. ಮುಳ್ಳು ಶೇ 40-50ರ ನಡುವೆ ನಿಂತರೆ ಸಾಕು.

ಕೌಂಟರಿನಲ್ಲಿ ದುಡ್ಡು ಕೊಡುವ ಮೊದಲು ನಿಮ್ಮದೇ ಕಾರ್ಡ್ ಹಾಕಿ ಎರಡು ನಿಮಿಷ ರೆಕಾರ್ಡ್ ಮಾಡಿ. ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ, ಪಕ್ಕಕ್ಕೆ ಜೋರಾಗಿ ತಿರುಗಿಸಿ ಬಾಗಿಲ ಚೌಕಟ್ಟು ವಾಲುತ್ತದಾ ನೋಡಿ. ಕಾರ್ಡ್ ಮೇಲೆ ವಿ30 (ಬರೆಯುವ ವೇಗದ ಗುರುತು) ಇದ್ದರೆ ಸಾಕು. 100 ಎಂಬಿಪಿಎಸ್‌ನ 4ಕೆ ಗಂಟೆಗೆ 45 ಜಿಬಿ ತಿನ್ನುತ್ತದೆ, ಅದಕ್ಕೆ 128 ಜಿಬಿಯದ್ದನ್ನೇ ಎರಡು ತಗೊಳ್ಳಿ. ‘ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೀನಿ ಸರ್’ ಎಂದರೆ ಒಪ್ಪಬೇಡಿ. ಹೊರಗಿನಿಂದ ತಂದ ಪೀಸುಗಳಿಗೆ ಇಲ್ಲಿಯ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಜಿಎಸ್‌ಟಿ ಬಿಲ್ ಮೇಲೆ ಬಾಡಿಯದ್ದು, ಲೆನ್ಸಿನದ್ದು ಎರಡೂ ಸೀರಿಯಲ್ ನಂಬರ್ ಬರೆಸಿ, ಡಬ್ಬದ ಮೇಲಿನ ನಂಬರ್ ಜೊತೆ ಅಲ್ಲೇ ನಿಂತು ಹೊಂದಿಸಿ ನೋಡಿ.