ಟ್ಯೂನರ್ ಪೆಡಲ್ ಬದಲಿಸಬೇಕಾ? ಸೆಂಟ್ ಲೆಕ್ಕ ಹಾಕಿ ನೋಡೋಣ

ಗಿಟಾರ್‌ನ ಶ್ರುತಿ ತೋರಿಸುವ ಟ್ಯೂನರ್ ಪೆಡಲ್‌ನಲ್ಲಿ ಎಲ್ಲ ತಂತಿಗೂ ಹಸಿರು ದೀಪ ಬಂದಿದೆ, ಆದರೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದರೆ ಏನೋ ಸರಿ ಇಲ್ಲ. ಆಗ ಮೊದಲ ಅನುಮಾನ ಟ್ಯೂನರ್ ಮೇಲೇ ಹೋಗುತ್ತದೆ. ನಮ್ಮ ಹಳೇ ಪೆಡಲ್‌ನಲ್ಲಿ ±3 ಅಥವಾ ±1 ಸೆಂಟ್ ಅಂತ ಇರುತ್ತದೆ, ಹೊಸದರಲ್ಲಿ ±0.1. ಸೆಂಟ್ ಅಂದರೆ ಸ್ವರಗಳ ನಡುವಿನ ಅಂತರದ ಅಳತೆ, ± ಅಂದರೆ ಟ್ಯೂನರ್ ಎಷ್ಟು ಮೇಲೆ ಕೆಳಗೆ ತಪ್ಪಬಹುದು ಅಂತ. ಅಂಕಿ ನೋಡಿದರೆ ಹತ್ತು ಪಟ್ಟು, ಮೂವತ್ತು ಪಟ್ಟು ಸುಧಾರಣೆ. ಆದರೆ ಈ ಅಂಕಿ ಕಿವಿಗೆ ಎಷ್ಟು ಕೇಳಿಸುತ್ತದೆ ಅನ್ನುವುದೇ ಮುಖ್ಯ ಪ್ರಶ್ನೆ. ಅದನ್ನು ನಾವೇ ಲೆಕ್ಕ ಹಾಕಬಹುದು.

ಒಂದು ಸ್ಥಾಯಿಗೆ 1200 ಸೆಂಟ್. ಗಿಟಾರ್ ಕತ್ತಿನ ಮೇಲಿನ ಅಡ್ಡಪಟ್ಟಿಗಳಾದ ಫ್ರೆಟ್‌ಗಳಲ್ಲಿ ಒಂದರಿಂದ ಪಕ್ಕದ್ದಕ್ಕೆ 100 ಸೆಂಟ್. ಒಂದು ಸೆಂಟ್ ಅಂದರೆ ಕಂಪನದಲ್ಲಿ ಸುಮಾರು 0.058 ಶೇಕಡಾ ವ್ಯತ್ಯಾಸ. ಇದು ಶೇಕಡಾ ಲೆಕ್ಕ ಆದ್ದರಿಂದ ದಪ್ಪ ತಂತಿಗೂ ತೆಳು ತಂತಿಗೂ ಪರಿಣಾಮ ಒಂದೇ ಅಲ್ಲ.

ದಪ್ಪ ಇ ತಂತಿ 82.41 ಹರ್ಟ್ಸ್. ಇಲ್ಲಿ 3 ಸೆಂಟ್ ತಪ್ಪಿದರೆ ವ್ಯತ್ಯಾಸ 0.14 ಹರ್ಟ್ಸ್. ಸರಿಯಾದ ಇ ಸ್ವರದ ಜೊತೆ ನುಡಿಸಿದರೆ ಎರಡರ ನಡುವಿನ ಈ ವ್ಯತ್ಯಾಸದಿಂದ ಸದ್ದು ಏರಿ ಇಳಿಯುವ ಅಲೆ ಏಳು ಸೆಕೆಂಡಿಗೆ ಒಂದು ಸಲ ಬರುತ್ತದೆ. ಅಷ್ಟರೊಳಗೆ ಹಾಡು ಮುಂದಿನ ಕಾರ್ಡ್‌ಗೆ ಹೋಗಿರುತ್ತದೆ. ತೆಳು ಇ ತಂತಿ 329.63 ಹರ್ಟ್ಸ್. ಅದೇ 3 ಸೆಂಟ್ ಇಲ್ಲಿ 0.57 ಹರ್ಟ್ಸ್ ಆಗುತ್ತದೆ, ಎರಡು ಸೆಕೆಂಡಿನೊಳಗೆ ಒಂದು ಅಲೆ. ಇದು ಕೇಳಿಸುತ್ತದೆ.

ಈಗ ಇನ್ನೊಂದು ಸನ್ನಿವೇಶ ತಗೊಳ್ಳಿ. ಎರಡು ಗಿಟಾರ್ ಒಂದೇ ಸ್ವರ ನುಡಿಸುತ್ತಿವೆ, ಅಥವಾ ರೆಕಾರ್ಡಿಂಗ್‌ನಲ್ಲಿ ಒಂದೇ ಭಾಗವನ್ನು ಎರಡು ಸಲ ನುಡಿಸಿ ಒಂದರ ಮೇಲೊಂದು ಸೇರಿಸುತ್ತಿದ್ದೀರಿ. ±3 ಟ್ಯೂನರ್ ಒಂದು ಸಲ 3 ಸೆಂಟ್ ಮೇಲೆ, ಇನ್ನೊಂದು ಸಲ 3 ಸೆಂಟ್ ಕೆಳಗೆ ಬಿಟ್ಟರೆ ನಡುವೆ 6 ಸೆಂಟ್ ಅಂತರ. ತೆಳು ಇ ತಂತಿಯಲ್ಲಿ ಸೆಕೆಂಡಿಗೆ ಒಂದಕ್ಕಿಂತ ಜಾಸ್ತಿ ಅಲೆ! ±1 ಟ್ಯೂನರ್‌ನಲ್ಲಿ ಇದೇ ಕೆಟ್ಟ ಸಂದರ್ಭ ಬಂದರೂ 2.6 ಸೆಕೆಂಡಿಗೆ ಒಂದು ಅಲೆ. ±0.1 ಆದರೆ 26 ಸೆಕೆಂಡಿಗೆ ಒಂದು, ಅಷ್ಟು ಹೊತ್ತು ಯಾವ ಸ್ವರವನ್ನೂ ಯಾರೂ ಹಿಡಿದಿಡುವುದಿಲ್ಲ.

ನನ್ನ ಅಭಿಪ್ರಾಯ ಈ ಲೆಕ್ಕದಿಂದಲೇ ಬಂದದ್ದು. ±3ರಿಂದ ±1ಕ್ಕೆ ಹೋಗುವುದು ನಿಜವಾದ ಲಾಭ, ಅದರಲ್ಲೂ ರೆಕಾರ್ಡಿಂಗ್ ಮಾಡುವವರಿಗೆ. ±1ರಿಂದ ±0.1ಕ್ಕೆ ಹೋಗಲು ನಿಖರತೆಯೊಂದೇ ಕಾರಣ ಆಗಬಾರದು. 2010ರಲ್ಲಿ ಬಂದ, ಬಾಸ್ (Boss) ಕಂಪನಿಯ ಟಿಯು-3 ಟ್ಯೂನರ್ ಕೂಡ ±1 ಸೆಂಟ್‌ನದೇ. ವೇದಿಕೆಗೆ ಅಷ್ಟು ಸಾಕು.

ಯಾಕೆ ಸಾಕು ಅಂದರೆ, ತಂತಿಯೇ ಅಷ್ಟು ಸ್ಥಿರವಾಗಿ ನಿಲ್ಲುವುದಿಲ್ಲ. ದಪ್ಪ ಇ ತಂತಿಯನ್ನು ಜೋರಾಗಿ ಮೀಟಿ ಟ್ಯೂನರ್ ನೋಡಿ. ಮುಳ್ಳು ಮೊದಲು ಮೇಲಕ್ಕೆ ಹಾರುತ್ತದೆ, ಆಮೇಲೆ ನಿಧಾನಕ್ಕೆ ಇಳಿದು ಕೂರುತ್ತದೆ. ಮೀಟಿದ ಕ್ಷಣಕ್ಕೆ ತಂತಿ ಎಳೆತ ಹೆಚ್ಚುವುದರಿಂದ ಹೀಗಾಗುತ್ತದೆ, ಕೆಲವು ಸೆಂಟ್‌ಗಳಷ್ಟು ವ್ಯತ್ಯಾಸ ಇದೊಂದರಿಂದಲೇ ಬರುತ್ತದೆ. ಫ್ರೆಟ್ ಮೇಲೆ ಬೆರಳು ಬಲವಾಗಿ ಒತ್ತಿದರೆ ಮತ್ತಷ್ಟು. ಹಾಗಾಗಿ ಶ್ರುತಿ ಮಾಡುವಾಗ ನೆಕ್ ಪಿಕಪ್ (ತಂತಿಯ ಕಂಪನ ಹಿಡಿಯುವ ಸಾಧನಗಳಲ್ಲಿ ಕತ್ತಿನ ಕಡೆಯದು) ಹಾಕಿಕೊಂಡು, ಟೋನ್ ನಾಬ್ ಸ್ವಲ್ಪ ಇಳಿಸಿ, ಹೆಬ್ಬೆರಳಿನಿಂದ ಮೆತ್ತಗೆ ಮೀಟಿ. ಹಳೇ ಟ್ಯೂನರ್ ಕೂಡ ಇಷ್ಟಕ್ಕೇ ಶಾಂತವಾಗಿಬಿಡುತ್ತದೆ. ಸ್ವರ ಮೇಲೆ ಹೋಗಿದ್ದರೆ ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಅಲ್ಲಿಂದ ಬಿಗಿ ಮಾಡುತ್ತಾ ಬನ್ನಿ. ಬರೀ ಸಡಿಲಿಸಿ ನಿಲ್ಲಿಸಿದರೆ ತಂತಿ ಬಿಗಿಸುವ ಕೀಲಿಯ ಹಲ್ಲುಗಳ ನಡುವಿನ ಸಡಿಲು ಹಾಗೇ ಉಳಿದು, ನುಡಿಸುವಾಗ ತಂತಿ ಜಾರುತ್ತದೆ.

ತಪ್ಪು ಪೆಡಲ್‌ನದಾ ಗಿಟಾರ್‌ನದಾ ಅಂತ ಹೀಗೆ ಪತ್ತೆ ಮಾಡಿ. ಶ್ರುತಿ ಮಾಡಿದ ತಂತಿಯನ್ನು ಒಮ್ಮೆ ಚೆನ್ನಾಗಿ ಬೆಂಡ್ ಮಾಡಿ (ಬೆರಳಿನಿಂದ ಪಕ್ಕಕ್ಕೆ ಎಳೆದು) ಬಿಟ್ಟು ಮತ್ತೆ ನೋಡಿ. ಟ್ಯೂನರ್ ತೋರಿಸುವ ಅಂಕಿ ಬದಲಾಗಿದ್ದರೆ ತಂತಿಯು ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಹಾಯುವ ಪಟ್ಟಿ) ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ, ಇಲ್ಲವೇ ಕೀಲಿಗೆ ಸುತ್ತಿದ್ದು ಸರಿ ಇಲ್ಲ. ಖಾಲಿ ತಂತಿ ಸರಿ ಇದ್ದು 12ನೇ ಫ್ರೆಟ್‌ನಲ್ಲಿ ತಪ್ಪಿದರೆ ಬ್ರಿಡ್ಜ್‌ನಲ್ಲಿ (ತಂತಿಯ ಇನ್ನೊಂದು ತುದಿ ಕೂರುವ ಜಾಗ) ಇಂಟೊನೇಶನ್, ಅಂದರೆ ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿಯಾಗಿ ಬರುವಂತೆ ಮಾಡುವ ಹೊಂದಿಕೆ ಸರಿಪಡಿಸಬೇಕು. ತಂತಿ ತುಂಬಾ ಹಳತಾಗಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಈ ಪರೀಕ್ಷೆ. ಇವು ಮೂರೂ ಸರಿ ಇದ್ದು, ಮೆತ್ತಗೆ ಮೀಟಿದಾಗಲೂ ಒಂದೇ ತಂತಿಗೆ ಬೇರೆ ಬೇರೆ ಅಂಕಿ ಬರುತ್ತಿದ್ದರೆ ಪೆಡಲ್ ಮೇಲೆ ಅನುಮಾನ ಪಡಬಹುದು.

ಎಲ್ಲಾ ಸರಿ ಇದ್ದರೂ ಉಳಿಯುವ ಒಂದು ತೊಡಕು ಇದೆ. ಇದನ್ನು ಯಾವ ಪೆಡಲ್ ಕೂಡ ಪೂರ್ತಿ ತೆಗೆಯಲಾರದು. ಗಿಟಾರ್‌ನ ಫ್ರೆಟ್‌ಗಳು ಒಂದು ಸ್ಥಾಯಿಯನ್ನು 12 ಸಮಭಾಗ ಮಾಡಿದ ಲೆಕ್ಕದಲ್ಲಿ ಇರುತ್ತವೆ. ಆ ಲೆಕ್ಕದಲ್ಲಿ ಮೇಜರ್ ಥರ್ಡ್ (ಮೇಜರ್ ಕಾರ್ಡ್‌ನಲ್ಲಿ ಮೂಲ ಸ್ವರದಿಂದ ನಾಲ್ಕು ಫ್ರೆಟ್ ಮೇಲಿನ ಸ್ವರ) 400 ಸೆಂಟ್, ಆದರೆ ಕಿವಿಗೆ ಪೂರ್ತಿ ಹಿತವಾಗುವುದು ಸುಮಾರು 386. ಇ ಮೇಜರ್ ಕಾರ್ಡ್‌ನಲ್ಲಿ ಜಿ ತಂತಿಯ ಮೊದಲ ಫ್ರೆಟ್ ಹಿಡಿದ ಸ್ವರ 14 ಸೆಂಟ್ ಮೇಲೆ ಕೇಳುವುದು ಇದಕ್ಕೇ. ಅಲ್ಲೇ ಕೂತು ಜಿ ತಂತಿ ಇಳಿಸಿ ಇ ಕಾರ್ಡ್ ಸಿಹಿ ಮಾಡಿಕೊಂಡಿರಾ, ಜಿ ಕಾರ್ಡ್ ಕೆಡುತ್ತದೆ! ಪೀಟರ್‌ಸನ್ ಕಂಪನಿಯದರಂಥ ಸ್ಟ್ರೋಬ್ ಟ್ಯೂನರ್‌ಗಳಲ್ಲಿ (ತುಂಬಾ ನಿಖರವಾದ ಒಂದು ಬಗೆ) ಪ್ರತಿ ತಂತಿಯನ್ನೂ ಬೇಕೆಂದೇ ಸ್ವಲ್ಪ ಸರಿಸಿ ಶ್ರುತಿ ಮಾಡುವ ಸಿದ್ಧ ಸೆಟ್ಟಿಂಗ್‌ಗಳು ಇರುತ್ತವೆ. ಒಂದೋ ಎರಡೋ ಸೆಂಟ್ ಸರಿಸುವ ಈ ಕೆಲಸಕ್ಕೆ ಮಾತ್ರ 0.1 ಸೆಂಟ್ ನಿಖರತೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ನಿಖರತೆ ಬಿಟ್ಟರೆ ಪೆಡಲ್ ಬದಲಿಸಲು ದೊಡ್ಡ ಕಾರಣ ಬಫರ್, ಅಂದರೆ ಮುಂದಿನ ಕೇಬಲ್‌ನ ಭಾರ ಗಿಟಾರ್ ಮೇಲೆ ಬೀಳದಂತೆ ತಡೆಯುವ ಸರ್ಕ್ಯೂಟ್. ಗಿಟಾರ್ ಕೇಬಲ್‌ಗೆ ಮೀಟರ್‌ಗೆ ಸರಿಸುಮಾರು 100 ಪಿಕೋಫ್ಯಾರಡ್ ಧಾರಕತೆ ಇರುತ್ತದೆ. ಗಿಟಾರ್‌ನಿಂದ ಪೆಡಲ್‌ಗೆ 6 ಮೀಟರ್, ಪೆಡಲ್‌ನಿಂದ ಆಂಪ್‌ಗೆ 6 ಮೀಟರ್ ಅಂದರೆ ಒಟ್ಟು 1200 ಪಿಕೋಫ್ಯಾರಡ್. ಪೆಡಲ್‌ಗಳೆಲ್ಲ ಟ್ರೂ ಬೈಪಾಸ್ (ಆಫ್ ಇದ್ದಾಗ ಸದ್ದು ಸರ್ಕ್ಯೂಟ್ ಮುಟ್ಟದೆ ನೇರ ಹಾದುಹೋಗುವ ಬಗೆ) ಆಗಿದ್ದು ಎಲ್ಲವೂ ಆಫ್ ಇದ್ದರೆ ಈ ಪೂರ್ತಿ ಭಾರ ಪಿಕಪ್ ಮೇಲೆ ಬೀಳುತ್ತದೆ, ಸದ್ದಿನ ಮೇಲಿನ ಹೊಳಪು ಮಂಕಾಗುತ್ತದೆ. ಟ್ಯೂನರ್ ಸಾಮಾನ್ಯವಾಗಿ ಪೆಡಲ್‌ಗಳ ಸಾಲಿನಲ್ಲಿ ಮೊದಲನೆಯದು, ಅದರಲ್ಲಿ ಒಳ್ಳೇ ಬಫರ್ ಇದ್ದರೆ ಪಿಕಪ್ ಮೊದಲ 6 ಮೀಟರ್ ಮಾತ್ರ ಹೊತ್ತರೆ ಸಾಕು. ಪರೀಕ್ಷೆ ಸುಲಭ: ಗಿಟಾರ್ ಅನ್ನು ಚಿಕ್ಕ ಕೇಬಲ್‌ನಲ್ಲಿ ನೇರ ಆಂಪ್‌ಗೆ ಹಾಕಿ ಕೇಳಿ, ಆಮೇಲೆ ಪೂರ್ತಿ ಸಾಲಿನ ಮೂಲಕ ಕೇಳಿ. ವ್ಯತ್ಯಾಸ ಎದ್ದು ಕಾಣುತ್ತಿದ್ದರೆ ಬಫರ್ ಇರುವ ಟ್ಯೂನರ್ ತಗೊಳ್ಳಲು ಅದೇ ಗಟ್ಟಿ ಕಾರಣ. ಹಳೇ ಶೈಲಿಯ ಫಜ್ ಪೆಡಲ್ (ಸದ್ದನ್ನು ಒರಟು ಮಾಡುವ ಪೆಡಲ್) ಬಳಸುವವರು ಮಾತ್ರ ಹುಷಾರು. ಅದಕ್ಕೆ ಪಿಕಪ್ ನೇರವಾಗಿ ಬೇಕು, ಮುಂದೆ ಬಫರ್ ಬಂದರೆ ಸದ್ದು ಕರ್ಕಶವಾಗುತ್ತದೆ. ಅಂಥವರು ಫಜ್ ಅನ್ನು ಟ್ಯೂನರ್‌ಗಿಂತ ಮುಂದಿಡಬೇಕು, ಇಲ್ಲವೇ ಪಾಲಿಟ್ಯೂನ್ 3ರಂತೆ ಬಫರ್, ಟ್ರೂ ಬೈಪಾಸ್ ಎರಡರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳಬಹುದಾದ ಟ್ಯೂನರ್ ಪೆಡಲ್ ನೋಡಬೇಕು.

ಹಳೇ ಟ್ಯೂನರ್‌ನ ದೀಪ ಬಿಸಿಲಿನಲ್ಲಿ ಕಾಣುವುದಿಲ್ಲ, ಐದು ತಂತಿಯ ಬಾಸ್ ಗಿಟಾರ್‌ನ 30.87 ಹರ್ಟ್ಸ್ ಬಿ ತಂತಿಯನ್ನು ಹಿಡಿಯಲು ತಡಕಾಡುತ್ತದೆ, ಕಾಲಿಟ್ಟರೆ ಸ್ವಿಚ್ ಟಪ್ ಅಂತ ಸದ್ದು ಮಾಡುತ್ತದೆ. ಇವೂ ಸರಿಯಾದ ಕಾರಣಗಳೇ, ಹೆಚ್ಚು ಯೋಚಿಸಬೇಕಿಲ್ಲ. ಎಲ್ಲ ತಂತಿ ಒಟ್ಟಿಗೆ ಮೀಟಿ ನೋಡುವ ಸೌಲಭ್ಯ ಯಾವ ತಂತಿ ತಪ್ಪಿದೆ ಅಂತ ಹಾಡುಗಳ ನಡುವೆ ಬೇಗ ತಿಳಿಯಲು ಚೆನ್ನ, ಆದರೆ ಕೊನೆಯ ಹೊಂದಿಕೆ ಒಂದೊಂದೇ ತಂತಿ ಮೀಟಿಯೇ ಮಾಡಿ. ತಗೊಳ್ಳುವ ಮುಂಚೆ ಹೊಸ ಪೆಡಲ್‌ಗೆ ಎಷ್ಟು ಮಿಲಿಆಂಪಿಯರ್ ಬೇಕು ಅಂತಲೂ ಓದಿ. ದೀಪ ಪ್ರಖರವಾದಷ್ಟೂ ಕರೆಂಟ್ ಜಾಸ್ತಿ ಬೇಕು, ನಿಮ್ಮ ಅಡಾಪ್ಟರ್‌ನಲ್ಲಿ ಅಷ್ಟು ಉಳಿದಿರಬೇಕು.