ಎರಡು ಎಂಬಿ ಕಡತಕ್ಕಾಗಿ ಇಷ್ಟೊಂದು ಜಗಳ

ಅಂತರಜಾಲದ ಲಗಾಮು ಯಾರ ಕೈಯಲ್ಲಿರಬೇಕು ಎಂಬ ಅಂತರರಾಷ್ಟ್ರೀಯ ಜಗಳದ ದೊಡ್ಡ ಪಾಲು ನಡೆದಿರುವುದು ಸುಮಾರು ಎರಡು ಎಂಬಿ ಗಾತ್ರದ ಒಂದು ಪಠ್ಯ ಕಡತದ ಸುತ್ತ. ಅದನ್ನು ರೂಟ್ ಝೋನ್ ಎನ್ನುತ್ತಾರೆ. ಡಾಟ್ ಕಾಮ್, ಡಾಟ್ ಆರ್ಗ್, ಡಾಟ್ ಇನ್ ಮುಂತಾದ 1,400ಕ್ಕೂ ಹೆಚ್ಚು ಕೊನೆ ಹೆಸರುಗಳು, ಒಂದೊಂದರ ವಿವರ ಯಾವ ಸರ್ವರ್‌ನಲ್ಲಿ ಸಿಗುತ್ತದೆ ಎಂಬ ವಿಳಾಸ, ಜೊತೆಗೆ ಡಿಜಿಟಲ್ ಸಹಿಗಳು. ಅದರಲ್ಲಿರುವುದು ಇಷ್ಟೇ. ಯಾರ ಇಮೇಲೂ ಅಲ್ಲಿಲ್ಲ, ಯಾವ ಜಾಲತಾಣದ ಪುಟವೂ ಇಲ್ಲ.

ಬ್ರೌಸರ್‌ನಲ್ಲಿ ಹೆಸರು ಬರೆದೊಡನೆ ಪ್ರಶ್ನೆ ಹೋಗುವುದು ಹೆಸರಿಗೆ ತಕ್ಕ ವಿಳಾಸ ಹುಡುಕಿಕೊಡುವ ರಿಸಾಲ್ವರ್‌ಗೆ. ಸಾಮಾನ್ಯವಾಗಿ ಇದನ್ನು ನಡೆಸುವುದು ಸಂಪರ್ಕ ಕೊಡುವ ಕಂಪನಿಯೇ. ಅದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಈ ಕಡತವನ್ನು ಇಟ್ಟುಕೊಂಡಿರುವ ರೂಟ್ ಸರ್ವರನ್ನು ಕೇಳುತ್ತದೆ. ರೂಟ್ ಸರ್ವರ್ ‘ನನಗೆ ಗೊತ್ತಿಲ್ಲ, ಡಾಟ್ ಕಾಮ್‌ನವರನ್ನು ಕೇಳು’ ಎಂದು ಸಾಗಹಾಕುತ್ತದೆ. ಈ ಉತ್ತರವನ್ನು ರಿಸಾಲ್ವರ್ 1,72,800 ಸೆಕೆಂಡು, ಅಂದರೆ ಎರಡು ದಿನ, ನೆನಪಿಟ್ಟುಕೊಳ್ಳಬಹುದು. ಹೀಗಾಗಿ ನಾವು ದಿನವಿಡೀ ತೆರೆಯುವ ಪುಟಗಳಲ್ಲಿ ರೂಟ್‌ವರೆಗೆ ಹೋಗಬೇಕಾದವು ತೀರಾ ಕಡಿಮೆ.

ರೂಟ್ ಸರ್ವರ್‌ಗಳು ಹದಿಮೂರೇ ಏಕೆ ಎಂದು ಕೇಳುವವರಿದ್ದಾರೆ. 1987ರ ಮಾನದಂಡದ ಪ್ರಕಾರ ಡಿಎನ್‌ಎಸ್ ಎಂಬ ಈ ಹೆಸರು ವ್ಯವಸ್ಥೆಯ ಒಂದು ಉತ್ತರ 512 ಬೈಟ್ ಮೀರುವಂತಿರಲಿಲ್ಲ. ಅಷ್ಟರೊಳಗೆ ‘ಎ’ಯಿಂದ ‘ಎಂ’ವರೆಗಿನ ಹದಿಮೂರು ಹೆಸರು, ವಿಳಾಸಗಳು ಹಿಡಿಸಿದವು. ಹದಿಮೂರು ಎಂಬುದು ಹೆಸರುಗಳ ಲೆಕ್ಕ, ಯಂತ್ರಗಳದ್ದಲ್ಲ. ಎನಿಕಾಸ್ಟ್ ಎಂಬ ತಂತ್ರದಿಂದ ಒಂದೇ ವಿಳಾಸವನ್ನು ನೂರಾರು ಕಡೆಯ ಯಂತ್ರಗಳು ಹಂಚಿಕೊಳ್ಳುತ್ತವೆ. 12 ಸಂಸ್ಥೆಗಳು ನಡೆಸುವ ಇಂಥ ನೆಲೆಗಳು ಜಗತ್ತಿನಲ್ಲಿ 1,500ಕ್ಕೂ ಹೆಚ್ಚಿವೆ. ಹದಿಮೂರು ಯಂತ್ರ ಕೆಡವಿದರೆ ಅಂತರಜಾಲದ ಕಥೆ ಮುಗಿಯಿತು ಎನ್ನುವುದು ಹಳಸಿದ ಮಾತು.

ಹಾಗಿದ್ದರೆ ಕಡತವನ್ನು ತಿದ್ದುವವರು ಯಾರು? 1998ರ ಜನವರಿ 28ರಂದು ಈ ಪ್ರಶ್ನೆ ಬಹಿರಂಗವಾಗಿಯೇ ಎದ್ದಿತು. ಹೆಸರು ಮತ್ತು ಸಂಖ್ಯೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಜಾನ್ ಪೋಸ್ಟೆಲ್, ಎಂಟು ರೂಟ್ ಸರ್ವರ್‌ಗಳ ನಿರ್ವಾಹಕರಿಗೆ ಒಂದು ಇಮೇಲ್ ಕಳಿಸಿದರು: ಕಡತವನ್ನು ಇನ್ನು ಮುಂದೆ ನನ್ನ ಯಂತ್ರದಿಂದ ಪಡೆಯಿರಿ. ಎಂಟೂ ಮಂದಿ ಒಪ್ಪಿದರು. ಅಮೆರಿಕ ಸರ್ಕಾರದ ಒತ್ತಡ ಬಂದ ಮೇಲೆ, ಇದೊಂದು ಪರೀಕ್ಷೆ ಎಂದು ಹೇಳಿ ಪೋಸ್ಟೆಲ್ ಎಲ್ಲವನ್ನೂ ಮೊದಲಿನಂತೆ ಮಾಡಿಸಿದರು. ಅದೇ ವರ್ಷ ಈ ಉಸ್ತುವಾರಿಗೆಂದೇ ಐಕಾನ್ ಸಂಸ್ಥೆ ಹುಟ್ಟಿತು. ಆ ಘಟನೆಯಲ್ಲಿ ಕಾನೂನಿಗಿಂತ ದೊಡ್ಡ ಮಾತೊಂದಿದೆ: ನಿರ್ವಾಹಕರು ತಮ್ಮ ಯಂತ್ರದಲ್ಲಿ ಯಾವ ವಿಳಾಸ ಬರೆದುಕೊಳ್ಳುತ್ತಾರೋ ಅದೇ ಅಧಿಕೃತ ರೂಟ್.

ಸರ್ಕಾರಗಳಿಗೆ ಈ ವ್ಯವಸ್ಥೆ ರುಚಿಸಲಿಲ್ಲ. 2005ರಲ್ಲಿ ಟ್ಯುನಿಸ್‌ನ ಶೃಂಗಸಭೆ ಅಂತರಜಾಲ ಆಡಳಿತದ ಬಗ್ಗೆ ಜಟಾಪಟಿ ನಡೆಸಿ, ಕೊನೆಗೆ ಒಂದು ಚರ್ಚಾ ವೇದಿಕೆಯನ್ನಷ್ಟೇ ಹುಟ್ಟುಹಾಕಿತು. 2012ರಲ್ಲಿ ದುಬೈನಲ್ಲಿ ದೂರಸಂಪರ್ಕ ನಿಯಮಗಳ ಪರಿಷ್ಕರಣೆಗೆ 89 ದೇಶಗಳು ಸಹಿ ಹಾಕಿದವು, ಅಮೆರಿಕ, ಬ್ರಿಟನ್ ಮುಂತಾದವು ಹಾಕಲಿಲ್ಲ. 2016ರ ಅಕ್ಟೋಬರ್ 1ರವರೆಗೆ ಕಡತದ ಪ್ರತಿ ತಿದ್ದುಪಡಿಯೂ ಮೂರು ಮೇಜು ದಾಟಬೇಕಿತ್ತು: ಐಕಾನ್ ಪರಿಶೀಲಿಸಿ, ಅಮೆರಿಕದ ವಾಣಿಜ್ಯ ಇಲಾಖೆ ಒಪ್ಪಿಗೆ ಕೊಟ್ಟು, ವೆರಿಸೈನ್ ಕಂಪನಿ ಬರೆದು ಹಂಚುತ್ತಿತ್ತು. ಅಂದು ನಡುವಿನ ಮೇಜು ಹೋಯಿತು. ‘ಅಮೆರಿಕ ಅಂತರಜಾಲವನ್ನೇ ಬಿಟ್ಟುಕೊಟ್ಟಿತು’ ಎಂದು ಕೂಗೆದ್ದಿತಾದರೂ ಬಿಟ್ಟುಕೊಟ್ಟದ್ದು ಒಪ್ಪಿಗೆಯ ಮುದ್ರೆಯನ್ನಷ್ಟೇ. ಐಕಾನ್ ಇಂದಿಗೂ ಕ್ಯಾಲಿಫೋರ್ನಿಯದಲ್ಲಿ ನೋಂದಾಯಿತ ಸಂಸ್ಥೆ, ಅಲ್ಲಿನ ಕಾನೂನಿಗೆ ಒಳಪಟ್ಟದ್ದು. ಆಕ್ಷೇಪದ ನಿಜವಾದ ತಿರುಳು ಇರುವುದು ಇಲ್ಲಿ.

ಒಂದು ದೇಶದ ಹೆಸರನ್ನು ಕಡತದಿಂದ ಅಳಿಸಬಹುದೇ? ತಾಂತ್ರಿಕವಾಗಿ ಕೆಲವು ಸಾಲು ತೆಗೆದರೆ ಆಯಿತು. 2022ರಲ್ಲಿ ರಷ್ಯದ ಡಾಟ್ ಆರ್‌ಯು ರದ್ದುಮಾಡಿ ಎಂದು ಉಕ್ರೇನ್ ಕೇಳಿದಾಗ ಐಕಾನ್ ಒಪ್ಪಲಿಲ್ಲ. ಒಂದು ವೇಳೆ ಅಳಿಸಿದ್ದರೂ ರಿಸಾಲ್ವರ್‌ಗಳ ನೆನಪು ಮಾಸುತ್ತ ಎರಡು ದಿನಗಳಲ್ಲಿ ಹೆಸರು ಮರೆಯಾಗುತ್ತಿತ್ತು. ರಷ್ಯದೊಳಗಿನ ರಿಸಾಲ್ವರ್‌ಗಳು ತಮ್ಮದೇ ಪಟ್ಟಿಯನ್ನು ಸೇರಿಸಿಕೊಳ್ಳಬಹುದಿತ್ತು. 2019ರಲ್ಲಿ ಜಾರಿಯಾದ ಅಲ್ಲಿನ ಕಾನೂನು ರಾಷ್ಟ್ರೀಯ ಹೆಸರು ವ್ಯವಸ್ಥೆಯನ್ನು ಮೊದಲೇ ಯೋಚಿಸಿಟ್ಟಿತ್ತು. ಪಟ್ಟಿ ಎರಡಾದರೆ ಮಾತ್ರ ಒಂದೇ ಹೆಸರು ಎರಡು ದೇಶಗಳಲ್ಲಿ ಎರಡು ಯಂತ್ರಗಳಿಗೆ ಕರೆದೊಯ್ಯುವ ಅಪಾಯ ಶುರುವಾಗುತ್ತದೆ.

ಕಳ್ಳ ತಿದ್ದುಪಡಿಯನ್ನು ಹಿಡಿಯಲು 2010ರಿಂದ ರೂಟ್‌ಗೆ ಡಿಜಿಟಲ್ ಸಹಿ ಇದೆ. ಇದರ ಮೂಲ ಕೀಲಿ ಇರುವುದು ಅಮೆರಿಕದ ಎಲ್ ಸೆಗುಂಡೊ ಮತ್ತು ಕಲ್ಪೆಪರ್ ಎಂಬ ಎರಡು ಊರುಗಳ ತಿಜೋರಿಗಳಲ್ಲಿ. ಕೀಲಿ ಹೊತ್ತ ಯಂತ್ರವನ್ನು ಎಬ್ಬಿಸಲು ಬೇರೆ ಬೇರೆ ದೇಶಗಳಿಂದ ಆರಿಸಿದ ಏಳು ಮಂದಿಯಲ್ಲಿ ಕನಿಷ್ಠ ಮೂವರ ಕಾರ್ಡು ಬೇಕು. ವರ್ಷಕ್ಕೆ ನಾಲ್ಕು ಸಲ, ಕ್ಯಾಮೆರಾ ಮುಂದೆ, ಈ ವಿಧಿ ನಡೆಯುತ್ತದೆ. 2020ರ ಫೆಬ್ರವರಿಯಲ್ಲಿ ತಿಜೋರಿಯ ಬೀಗ ಕೈಕೊಟ್ಟು ವಿಧಿ ಕೆಲ ದಿನ ಮುಂದೆ ಹೋಯಿತು. ಗೂಢಲಿಪಿ ಗಟ್ಟಿಯಾಗಿತ್ತು, ಕಬ್ಬಿಣ ಸೋತಿತು. ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ಒಂಬತ್ತು ತಿಂಗಳಿಗೆ ಬೇಕಾದ ಸಹಿಗಳನ್ನು ಒಮ್ಮೆಗೇ ಮಾಡಿಟ್ಟರು.

ಈ ಕಡತ ಗುಟ್ಟಿನದ್ದಲ್ಲ. ರಿಸಾಲ್ವರ್ ನಡೆಸುವ ಯಾರು ಬೇಕಾದರೂ ಅದರ ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಳ್ಳಬಹುದು. ಬೈಂಡ್ ಎಂಬ ರಿಸಾಲ್ವರ್ ತಂತ್ರಾಂಶದಲ್ಲಿ ರೂಟನ್ನು ‘ಮಿರರ್’ ಬಗೆಯ ಝೋನ್ ಎಂದು ಘೋಷಿಸಬೇಕು. ಅನ್‌ಬೌಂಡ್ ಎಂಬ ಇನ್ನೊಂದು ತಂತ್ರಾಂಶದಲ್ಲಾದರೆ ‘ಆಥ್-ಝೋನ್’ ಎಂದು ಬರೆದು, ಪ್ರತಿ ಕೊಡಲು ಒಪ್ಪುವ ಬಿ, ಎಫ್, ಕೆ ರೂಟ್ ಸರ್ವರ್‌ಗಳ ವಿಳಾಸ ಕೊಟ್ಟು, ಪ್ರತಿ ಕೈಕೊಟ್ಟಾಗ ರೂಟ್ ಸರ್ವರ್‌ಗಳನ್ನೇ ಕೇಳುವ ಫಾಲ್‌ಬ್ಯಾಕ್ ಆಯ್ಕೆಯನ್ನು ಚಾಲೂ ಇಡಬೇಕು. ಎಡವುವ ಜಾಗಗಳು ಕೆಲವಿವೆ. ಮಾಹಿತಿ ಸಾಗಿಸುವ ವಿಧಾನಗಳು ಎರಡು, ಟಿಸಿಪಿ ಮತ್ತು ಯುಡಿಪಿ; ಕಡತ ಬರುವುದು ಟಿಸಿಪಿ ಮೂಲಕ. ಫೈರ್‌ವಾಲ್ 53ನೇ ಪೋರ್ಟ್‌ನಲ್ಲಿ ಯುಡಿಪಿಯನ್ನಷ್ಟೇ ಬಿಟ್ಟಿದ್ದರೆ ಪ್ರತಿ ಬರುವುದೇ ಇಲ್ಲ. ಏಳು ದಿನ ಹೊಸ ಪ್ರತಿ ಸಿಗದಿದ್ದರೆ ಹಳೆಯದು ಅವಧಿ ಮೀರಿದಂತೆ, ಫಾಲ್‌ಬ್ಯಾಕ್ ಇಲ್ಲದಿದ್ದರೆ ಆಗ ಪ್ರತಿ ಹುಡುಕಾಟಕ್ಕೂ ‘ಸರ್ವ್‌ಫೇಲ್’, ಅಂದರೆ ಹುಡುಕಲಾಗಲಿಲ್ಲ ಎಂಬ, ಉತ್ತರ. ಇನ್ನೊಂದು ಗಡಿಯಾರದ್ದು. ಸಹಿಗಳಿಗೆ ಆರಂಭ ಮತ್ತು ಕೊನೆಯ ದಿನಾಂಕಗಳಿರುವುದರಿಂದ, ಮದರ್‌ಬೋರ್ಡ್ ಬ್ಯಾಟರಿ ಸತ್ತು ಕಾಲ ಹಿಂದಕ್ಕೋಡಿದ ಯಂತ್ರಕ್ಕೆ ಎಲ್ಲ ಸಹಿಗಳೂ ಸುಳ್ಳೆಂದೇ ಕಾಣುತ್ತವೆ. ಸರಿ ಸಮಯ ಕೇಳೋಣವೆಂದರೆ ಸಮಯದ ಸರ್ವರ್‌ನ ಹೆಸರನ್ನೂ ಇದೇ ರಿಸಾಲ್ವರ್ ಬಿಡಿಸಬೇಕು, ಅದು ಬಿಡಿಸದು. ಅದಕ್ಕೇ ಇಂಥ ಯಂತ್ರಗಳಲ್ಲಿ ಒಂದೆರಡು ಸಮಯ ಸರ್ವರ್‌ಗಳನ್ನಾದರೂ ಹೆಸರಿನ ಬದಲು ಐಪಿ ಸಂಖ್ಯೆಯಲ್ಲೇ ನಮೂದಿಸಿಡಬೇಕು.